ಡೇಟಾಬೇಸ್ ಕೈಕೊಟ್ಟರೆ ಲೆಕ್ಕವೆಲ್ಲ ಹೋದಂತೆಯೇ? ‘ಆ ಫೈಲ್ ಡಿಲೀಟ್ ಮಾಡಿ’ ಅನ್ನುವ ಸಲಹೆ ಎಷ್ಟು ನಿಜ?

“ಮೈಎಸ್‌ಕ್ಯೂಎಲ್ ಆನ್ ಆಗುತ್ತಿಲ್ಲವೇ? ಡೇಟಾ ಫೋಲ್ಡರ್ ಒಳಗಿರುವ ಐಬಿಡೇಟಾ1 ಅನ್ನುವ ಫೈಲ್ ಡಿಲೀಟ್ ಮಾಡಿ, ಒಂದೇ ನಿಮಿಷದಲ್ಲಿ ಸರಿಹೋಗುತ್ತದೆ.” ಈ ಧಾಟಿಯ ಸಲಹೆಗಳು ವಿಡಿಯೋಗಳಾಗಿ, ಸ್ಕ್ರೀನ್‌ಶಾಟ್‌ಗಳಾಗಿ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಕೊನೆಗೆ ‘ಇತರರಿಗೂ ಕಳಿಸಿ’ ಎಂಬ ಸಾಲು ಇದ್ದೇ ಇರುತ್ತದೆ.

ಇದು ನಿಜವೇ? ಆನ್ ಆಗುತ್ತದೆ ಅನ್ನುವುದು ಕೆಲವು ಸಲ ನಿಜ. ಒಳಗಿದ್ದ ಲೆಕ್ಕ ಉಳಿಯುತ್ತದೆ ಅನ್ನುವುದು ನಿಜವಲ್ಲ. ಈ ಎರಡರ ನಡುವಿನ ವ್ಯತ್ಯಾಸ ಎಷ್ಟು ದುಬಾರಿ ಅನ್ನುವುದನ್ನು ಕಳೆದ ಮಳೆಗಾಲದಲ್ಲಿ ಕೊಣನೂರಿನಲ್ಲಿ ಹತ್ತಿರದಿಂದ ನೋಡಿದೆವು.

ಅರಕಲಗೂಡು ತಾಲ್ಲೂಕಿನ ಈ ಭಾಗದಲ್ಲಿ ಹೊಗೆಸೊಪ್ಪು ಬೆಳೆಯುವವರು ಬಹಳ. ಬೆಳೆ ನೆಲದಲ್ಲಿರುವಷ್ಟು ದಿನ ಗೊಬ್ಬರ, ಔಷಧಿ ಎಲ್ಲವೂ ಅಂಗಡಿಯಿಂದ ಉದ್ರಿ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪು ಹೋದ ಮೇಲೆ ಬಾಕಿ ಚುಕ್ತಾ. ಅಂದರೆ ನಾಲ್ಕೈದು ತಿಂಗಳು ಅಂಗಡಿಯವನ ಬದುಕು ಪೂರ್ತಿ ಒಂದು ಉದ್ರಿ ಪುಸ್ತಕದಲ್ಲಿ ಇರುತ್ತದೆ. ನಮ್ಮ ತಂಡದ ಒಬ್ಬರಿಗೆ ಪರಿಚಯದ ಅಂಗಡಿಯಲ್ಲಿ ಆ ಪುಸ್ತಕ ಕಂಪ್ಯೂಟರ್‌ಗೆ ಬಂದು ಕೆಲವು ವರ್ಷ ಆಗಿತ್ತು. ಊರಿನ ಹುಡುಗನೊಬ್ಬ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ. ಅದರ ಕೆಳಗೆ ಎಕ್ಸ್‌ಎಎಂಪಿಪಿ, ಅಂದರೆ ಬಾಯಿಮಾತಿನ ‘ಝಾಂಪ್’. ಒಂದು ಸಂಜೆ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಕೆಂಪು ಅಕ್ಷರ: ಮೈಎಸ್‌ಕ್ಯೂಎಲ್ ಅನಿರೀಕ್ಷಿತವಾಗಿ ನಿಂತಿದೆ.

ಅಂಗಡಿಯವರ ಮಗ ಯಾರೋ ಕಳಿಸಿದ ವಿಡಿಯೋ ನೋಡಿ ಆ ಫೈಲ್ ಅಳಿಸಿದ. ಮೈಎಸ್‌ಕ್ಯೂಎಲ್ ಹಸಿರಾಯಿತು. ಲೆಕ್ಕ ಮಾತ್ರ ಕಾಣಲಿಲ್ಲ. ನಾವು ಹೋದಾಗ ಅಂಗಡಿಯವರು ಕೇಳಿದ್ದು ಒಂದೇ ಮಾತು: “ನೋಡಿ, ಬರ್ದಿರೋದು ಒಳಗೇ ಐತಾ, ಇಲ್ಲಾ ಹೋಗ್ಬಿಡ್ತಾ? ಅಷ್ಟ್ ಹೇಳಿ ಸಾಕು.”

ಡೇಟಾಬೇಸ್ ತೊಂದರೆ ಬಂದಾಗ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ. ‘ಹೇಗೆ ಆನ್ ಮಾಡುವುದು’ ಅನ್ನುವುದು ಆಮೇಲಿನದು.

ಮೊದಲು, ಇದು ಏನು?

ಸಾಲು, ಕಾಲಂ ಇರುವ ಕೋಷ್ಟಕಗಳು, ಒಂದಕ್ಕೊಂದು ಕೊಂಡಿ. ಗ್ರಾಹಕರದು ಒಂದು ಕೋಷ್ಟಕ, ಬಿಲ್ಲುಗಳದು ಇನ್ನೊಂದು. ಬಿಲ್ಲಿನ ಸಾಲಿನಲ್ಲಿ ಗ್ರಾಹಕನ ಹೆಸರಿನ ಬದಲು ಅವನ ಸಂಖ್ಯೆ. ರಿಲೇಷನಲ್ ಡೇಟಾಬೇಸ್ ಅಂದರೆ ಇಷ್ಟೇ. ಈ ಯೋಚನೆಯನ್ನು 1970ರಲ್ಲಿ ಮುಂದಿಟ್ಟವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. ಇದನ್ನು ನಡೆಸುವ ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಹೆಸರಾದವು ಮೈಎಸ್‌ಕ್ಯೂಎಲ್, ಅದರಿಂದ ಕವಲೊಡೆದ ಮಾರಿಯಾಡಿಬಿ, ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್. ಮೊದಲೆರಡನ್ನೂ ಶುರುಮಾಡಿದ ಮೈಕೆಲ್ ವಿಡೇನಿಯಸ್ ಅವುಗಳಿಗೆ ತಮ್ಮ ಹೆಣ್ಣುಮಕ್ಕಳಾದ ಮೈ ಮತ್ತು ಮಾರಿಯಾ ಹೆಸರನ್ನೇ ಇಟ್ಟರು. ಅಂದಹಾಗೆ, ಈಗಿನ ಝಾಂಪ್‌ನಲ್ಲಿ ಬಟನ್ ಮೇಲೆ ಮೈಎಸ್‌ಕ್ಯೂಎಲ್ ಎಂದಿದ್ದರೂ ಒಳಗಿರುವುದು ಮಾರಿಯಾಡಿಬಿ.

ಇದೆಲ್ಲ ನನಗೆ ಸಂಬಂಧವಿಲ್ಲ ಅನ್ನಿಸಿದರೆ, ನಿಮ್ಮ ಕೈಲಿರುವ ಫೋನನ್ನೇ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ನಿಮ್ಮ ಸಂದೇಶಗಳನ್ನು ಜೋಡಿಸಿಡುವುದು ಎಸ್‌ಕ್ಯೂಲೈಟ್ ಎಂಬ ಇಂಥದ್ದೇ ಪುಟ್ಟ ಡೇಟಾಬೇಸ್‌ನಲ್ಲಿ. ಇಂದು ಬೆಳಿಗ್ಗೆ ಬಂದ ಫಾರ್ವರ್ಡ್ ಕೂಡ ಒಂದು ಕೋಷ್ಟಕದ ಒಂದು ಸಾಲು.

‘ಓಪನ್ ಸೋರ್ಸ್ ಅಂದರೆ ಎಲ್ಲರ ಮಾಹಿತಿ ಎಲ್ಲರಿಗೂ ತೆರೆದಿರುತ್ತದೆ’ ಎಂಬುದೂ ಆಗಾಗ ಕೇಳಿಬರುವ ಮಾತು. ತೆರೆದಿರುವುದು ತಂತ್ರಾಂಶ ಬರೆದ ಬಗೆ, ಅದರೊಳಗೆ ನೀವು ಇಟ್ಟದ್ದಲ್ಲ. ಬೀಗ ತಯಾರಿಸುವ ವಿಧಾನ ಪುಸ್ತಕದಲ್ಲಿ ಅಚ್ಚಾದರೆ ನಿಮ್ಮ ಮನೆ ಬೀಗದ ಕೈ ಊರವರಿಗೆ ಸಿಕ್ಕಂತಾಗುವುದಿಲ್ಲ. ಕನ್ನಡ ವಿಕಿಪೀಡಿಯ ನಡೆಯುವುದು ಮಾರಿಯಾಡಿಬಿ ಮೇಲೆ. ಆಧಾರ್ ವ್ಯವಸ್ಥೆ ತಾನು ಬಳಸುವ ತಂತ್ರಜ್ಞಾನದ ಬಗ್ಗೆ 2014ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಮೈಎಸ್‌ಕ್ಯೂಎಲ್ ಹೆಸರೂ ಇತ್ತು. ಅಪಾಯ ಬರುವುದು ಬೇರೆ ಕಡೆಯಿಂದ. ಝಾಂಪ್ ಹಾಕಿದಾಗ ‘ರೂಟ್’ ಎಂಬ ಯಜಮಾನ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ. ಅದು ಕಲಿಯುವವರ ಅನುಕೂಲಕ್ಕೆ ಮಾಡಿದ್ದು. ಅದನ್ನೇ ಇಂಟರ್‌ನೆಟ್‌ಗೆ ತೆರೆದಿಟ್ಟರೆ ಬಾಗಿಲಿಗೆ ಬೀಗವೇ ಇಲ್ಲದ ಹಾಗೆ. 2017ರ ಆರಂಭದಲ್ಲಿ ಹೀಗೆ ತೆರೆದಿದ್ದ ಅಥವಾ ಸುಲಭದ ಪಾಸ್‌ವರ್ಡ್ ಇದ್ದ ಮೈಎಸ್‌ಕ್ಯೂಎಲ್‌ಗಳನ್ನು ಹುಡುಕಿ, ಕೋಷ್ಟಕಗಳನ್ನು ಅಳಿಸಿ, 0.2 ಬಿಟ್‌ಕಾಯಿನ್ ಕೇಳುವ ಚೀಟಿ ಬಿಟ್ಟುಹೋಗುವ ದಾಳಿಗಳು ನಡೆದಿದ್ದವು.

ಕರೆಂಟ್ ಹೋದರೆ ಲೆಕ್ಕ ಹೋಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ವ್ಯಾಪಾರದ ಗಡಿಬಿಡಿಯಲ್ಲಿ ಗೀಚುವ ರಫ್ ಪುಸ್ತಕ ಒಂದು, ರಾತ್ರಿ ಕೂತು ನೀಟಾಗಿ ಏರಿಸುವ ಖಾತೆ ಪುಸ್ತಕ ಇನ್ನೊಂದು. ಡೇಟಾಬೇಸ್ ಮಾಡುವುದೂ ಇದನ್ನೇ. ನೀವು ‘ಸೇವ್’ ಒತ್ತಿದ ತಕ್ಷಣ ಬದಲಾವಣೆಯನ್ನು ಒಂದು ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಮುಖ್ಯ ಕೋಷ್ಟಕಕ್ಕೆ ಏರಿಸುವುದು ಬಿಡುವಾದಾಗ. ನಡುವೆ ಕರೆಂಟ್ ಹೋದರೆ, ಮುಂದಿನ ಸಲ ಆನ್ ಆದಾಗ ರಫ್ ಪುಸ್ತಕ ತೆರೆದು ಬಾಕಿ ಉಳಿದದ್ದನ್ನು ತಾನೇ ಏರಿಸಿಕೊಳ್ಳುತ್ತದೆ. ಅರ್ಧ ಬರೆದದ್ದನ್ನು ಹೊಡೆದುಹಾಕುತ್ತದೆ.

ಈ ಕೆಲಸಕ್ಕೆ ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ‘ಹ್ಯಾಂಗ್ ಆಗಿದೆ’ ಅನ್ನಿಸುತ್ತದೆ. ಆಗ ಸ್ವಿಚ್ ಆರಿಸಿ ಹಾಕುವುದು, ಲಾಗ್ ಫೈಲ್ ಅಳಿಸುವುದು ಅಂದರೆ ಖಾತೆಗೆ ಏರಿಸುತ್ತಿರುವವನ ಕೈಯಿಂದ ರಫ್ ಪುಸ್ತಕ ಕಿತ್ತುಕೊಂಡ ಹಾಗೆ.

ಹೆಸರಿನಲ್ಲಿ ‘ಲಾಗ್’ ಇದೆ, ಹಾಗಾಗಿ ಕಸ, ಅಳಿಸಬಹುದು ಎಂದುಕೊಳ್ಳುವುದು ನಮ್ಮ ಊರಿನವರ ತಪ್ಪು ಮಾತ್ರವಲ್ಲ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ರಫ್ ಪುಸ್ತಕದ ಫೋಲ್ಡರ್‌ಗೆ ಮೊದಲು ‘ಪಿಜಿ ಎಕ್ಸ್‌ಲಾಗ್’ ಎಂಬ ಹೆಸರಿತ್ತು. ಡಿಸ್ಕ್ ತುಂಬಿದಾಗ ಜಾಗ ಮಾಡಿಕೊಳ್ಳಲು ಜನ ಅದನ್ನೇ ಅಳಿಸಿ ಡೇಟಾಬೇಸ್ ಕೆಡಿಸಿಕೊಳ್ಳುತ್ತಿದ್ದರು. ಕೊನೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಹೆಸರನ್ನೇ ‘ಪಿಜಿ ವಾಲ್’ ಎಂದು ಬದಲಿಸಿದರು.

ಇನ್ನು ವಿಡಿಯೋ ಅಳಿಸಲು ಹೇಳಿದ ಐಬಿಡೇಟಾ1. ಅದರಲ್ಲಿ ಯಾವ ಕೋಷ್ಟಕ ಎಲ್ಲಿದೆ, ಹೇಗಿದೆ ಎಂಬ ಒಳಗಿನ ಪಟ್ಟಿ ಇರುತ್ತದೆ. ಕೆಲವು ಸಲ ಲೆಕ್ಕವೂ ಅದರೊಳಗೇ ಇರುತ್ತದೆ. ಅದನ್ನು ಅಳಿಸಿದರೆ ತಂತ್ರಾಂಶ ಹೊಸದೊಂದು ಖಾಲಿ ಪಟ್ಟಿ ಮಾಡಿಕೊಂಡು ಏಳಬಹುದು. ಆಮೇಲೆ ಒಂದು ವಿಚಿತ್ರ ಕಾಣುತ್ತದೆ: ಎಡಗಡೆ ಕೋಷ್ಟಕಗಳ ಹೆಸರೆಲ್ಲ ಇರುತ್ತವೆ, ಒತ್ತಿದರೆ 1932 ಎಂಬ ಸಂಖ್ಯೆಯ ದೋಷ, ‘ಈ ಕೋಷ್ಟಕ ಎಂಜಿನ್‌ನಲ್ಲಿ ಇಲ್ಲ’. ಮನೆಗಳು ನಿಂತಿವೆ, ಪಂಚಾಯಿತಿ ಪುಸ್ತಕದಲ್ಲಿ ಮಾತ್ರ ನಮೂದಿಲ್ಲ ಅನ್ನುವ ಸ್ಥಿತಿ. ಕೊಣನೂರಿನ ಅಂಗಡಿಯಲ್ಲಿ ನಾವು ಕಂಡದ್ದೂ ಅದನ್ನೇ.

ಇಲ್ಲಿ ಅದೃಷ್ಟ ಕೈಹಿಡಿಯಿತು. ಹುಡುಗ ಡಿಲೀಟ್ ಒತ್ತಿದ್ದ, ರಿಸೈಕಲ್ ಬಿನ್ ಖಾಲಿ ಮಾಡಿರಲಿಲ್ಲ. ಮೈಎಸ್‌ಕ್ಯೂಎಲ್ ನಿಲ್ಲಿಸಿ, ಡೇಟಾ ಫೋಲ್ಡರ್ ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡೆವು. ಆಮೇಲೆ ಹಳೆಯ ಐಬಿಡೇಟಾ1 ಫೈಲನ್ನೂ ಅದರ ಜೊತೆಗಾರ ಲಾಗ್ ಫೈಲುಗಳನ್ನೂ ಬಿನ್‌ನಿಂದ ತಂದು ಮೊದಲಿದ್ದ ಜಾಗದಲ್ಲಿ ಇಟ್ಟೆವು. ಮತ್ತೆ ಕೆಂಪು ಅಕ್ಷರವೇ ಬಂತು. ಆದರೆ ಈ ಸಲ ಝಾಂಪ್ ಪರದೆಯಲ್ಲಿ ‘ಲಾಗ್ಸ್’ ಎಂಬ ಬಟನ್ ಒತ್ತಿ ಕೊನೆಯ ಹತ್ತು ಸಾಲು ಓದಿದೆವು. ತಪ್ಪು ಕಂಪ್ಯೂಟರಿನ ಇನ್ನೊಂದು ಮೂಲೆಯಲ್ಲಿತ್ತು: 3306 ಎಂಬ ಪೋರ್ಟ್ ಬೇರೆ ಯಾರೋ ಹಿಡಿದಿದ್ದಾರೆ. ಎಂದೋ ಹಾಕಿ ಮರೆತ ಇನ್ನೊಂದು ಮೈಎಸ್‌ಕ್ಯೂಎಲ್, ಕರೆಂಟ್ ಬಂದಾಗ ವಿಂಡೋಸ್ ಜೊತೆಗೇ ತಾನೂ ಎದ್ದು ಬಾಗಿಲಲ್ಲಿ ಕೂತಿತ್ತು. ಅದನ್ನು ನಿಲ್ಲಿಸಿದ ಮೇಲೆ ನಮ್ಮದು ಎದ್ದಿತು. ರಫ್ ಪುಸ್ತಕದಿಂದ ಬಾಕಿ ಏರಿಸಿಕೊಂಡಿತು. ಉದ್ರಿ ಮೊತ್ತಗಳು ಬಂದವು.

ಅಂದರೆ ಆ ಬೆಳಿಗ್ಗೆ ಯಾವ ಫೈಲನ್ನೂ ಅಳಿಸುವ ಅಗತ್ಯವೇ ಇರಲಿಲ್ಲ. ಲೆಕ್ಕ ಮೊದಲಿಂದಲೂ ಒಳಗೇ ಇತ್ತು.

ಎಲ್ಲ ಸಲವೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಡಿಸ್ಕ್ ನಿಜಕ್ಕೂ ಕೆಟ್ಟು ಫೈಲ್ ಹಾಳಾಗಿದ್ದರೆ ಇನ್ನೋಡಿಬಿಯಲ್ಲಿ ‘ಫೋರ್ಸ್ ರಿಕವರಿ’ ಎಂಬ ವ್ಯವಸ್ಥೆ ಇದೆ, 1ರಿಂದ 6ರವರೆಗೆ ಮೆಟ್ಟಿಲು. ಇದೂ ವಿಡಿಯೋಗಳಲ್ಲಿ ‘ನೇರ 6 ಹಾಕಿ’ ಎಂದು ಬರುತ್ತದೆ. 4 ಮತ್ತು ಮೇಲಿನವು ಫೈಲುಗಳನ್ನು ಶಾಶ್ವತವಾಗಿ ಕೆಡಿಸಬಹುದು ಎಂದು ತಂತ್ರಾಂಶದ ಕೈಪಿಡಿಯೇ ಎಚ್ಚರಿಸುತ್ತದೆ. 1ರಿಂದ ಶುರುಮಾಡಬೇಕು, ಅದೂ ಕಾಪಿಯ ಮೇಲೆ.

ಏಳು ಪ್ರಶ್ನೆಚಿಹ್ನೆಗಳು

ಲೆಕ್ಕ ಬಂತು ಎಂದು ಚಹಾ ತರಿಸಿದ್ದರು. ಅಷ್ಟರಲ್ಲಿ ಅಂಗಡಿಯವರು ಪರದೆ ನೋಡಿ ಸುಮ್ಮನಾದರು. ಈ ವರ್ಷ ಹೊಸದಾಗಿ ಸೇರಿಸಿದ ಗ್ರಾಹಕರ ಸಾಲುಗಳಲ್ಲಿ ಬಾಕಿ ಮೊತ್ತ ಇತ್ತು, ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಊರಿನ ಕಾಲಂನಲ್ಲೂ ಅದೇ. ಹಿಂದಿನ ವರ್ಷಗಳಲ್ಲಿ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಹೊಡೆಯುತ್ತಿದ್ದರು. ಈ ವರ್ಷ ಮಗ ಕನ್ನಡ ಟೈಪಿಂಗ್ ಕಲಿತು ಕನ್ನಡದಲ್ಲೇ ಹಾಕಿದ್ದ. “ವೈರಸ್ ಬಂದೈತೆ” ಅಂದರು ಒಬ್ಬರು. “ಕರೆಂಟ್ ಹೋದಾಗ ಆಗಿರೋದು” ಅಂದರು ಇನ್ನೊಬ್ಬರು. ಎರಡೂ ಅಲ್ಲ. ಆ ಹೆಸರುಗಳು ಬರೆದ ದಿನವೇ ಹೋಗಿದ್ದವು.

ಕನ್ನಡ ಓದುಗರಿಗೆ ತಿಳಿದಿರಲೇಬೇಕಾದ ದೋಷ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಕೋಷ್ಟಕ ಮಾಡುವಾಗಲೇ ಆರಿಸಿರುತ್ತಾರೆ. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಬಹುಕಾಲ ಅದು ತಾನಾಗಿ ಆರಿಸುತ್ತಿದ್ದ ಪಟ್ಟಿ ಲ್ಯಾಟಿನ್1, ಅಕ್ಷರಗಳ ಅನುಕ್ರಮ ಸ್ವೀಡಿಷ್. ಪಶ್ಚಿಮ ಯುರೋಪಿನ ಭಾಷೆಗಳಿಗೆ ಸಾಕಾಗುವ ಆ ಪಟ್ಟಿಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. 2018ರಲ್ಲಿ ಬಂದ 8.0 ಆವೃತ್ತಿಯಲ್ಲಷ್ಟೇ ಇದು ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್8ಎಂಬಿ4 ಆಯಿತು. ಹಳೆಯ ಆವೃತ್ತಿಯಲ್ಲಿ, ಏನೂ ಆರಿಸದೆ ಮಾಡಿದ ಕೋಷ್ಟಕಕ್ಕೆ ಕನ್ನಡ ಹೆಸರು ಕೊಟ್ಟರೆ ಅದು ತನಗೆ ಗೊತ್ತಿಲ್ಲದ ಪ್ರತಿ ಸಂಕೇತದ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ ಬರೆದು ಮುಂದೆ ಹೋಗುತ್ತದೆ. ಕಟ್ಟುನಿಟ್ಟಿನ ಮೋಡ್ ಇದ್ದರೆ 1366 ಎಂಬ ದೋಷ ತೋರಿಸಿ ನಿಲ್ಲುತ್ತದೆ. ಅದು ಕಿರಿಕಿರಿ ಅನ್ನಿಸಿದರೂ ಉಪಕಾರ. ಅಂಗಡಿಯ ಡೇಟಾಬೇಸ್‌ನಲ್ಲಿ ಆ ಮೋಡ್ ಇರಲಿಲ್ಲ. ಬಿಲ್ಲು ಮಾತ್ರ ಟೈಪ್ ಮಾಡಿದ ಪರದೆಯಿಂದಲೇ ನೇರ ಅಚ್ಚಾಗುತ್ತಿದ್ದರಿಂದ ಕಾಗದದ ಮೇಲೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ.

‘ಕೊಣನೂರು’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಕೊ, ಣ, ನೂ, ರು ಎಂದು ನಾಲ್ಕು ಅಕ್ಷರ. ಯೂನಿಕೋಡ್‌ಗೆ ಏಳು: ಕ, ಒತ್ವ, ಣ, ನ, ಊತ್ವ, ರ, ಉತ್ವ. ಹಾಗಾಗಿ ಪರದೆಯಲ್ಲಿ ಕಂಡದ್ದು ಏಳು ಪ್ರಶ್ನೆಚಿಹ್ನೆ. ಯುಟಿಎಫ್8ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಜಾಗ, ಒಟ್ಟು 21.

ಒಳಗೆ ಇದೆಯೋ ಹೋಯಿತೋ ಎಂದು ತಿಳಿಯಲು ಈ ಲೆಕ್ಕ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಲೆಂಗ್ತ್’ ಎಂಬ ಆಜ್ಞೆ ಒಂದು ಮಾತು ಎಷ್ಟು ಬೈಟ್ ಹಿಡಿದಿದೆ ಎಂದು ಹೇಳುತ್ತದೆ. ‘ಕೊಣನೂರು’ ಇರಬೇಕಾದ ಕಡೆ 21 ಎಂದು ಬಂದರೆ ಕನ್ನಡ ಒಳಗೆ ಕ್ಷೇಮವಾಗಿದೆ, ತೋರಿಸುವಾಗ ಮಾತ್ರ ತಪ್ಪಾಗುತ್ತಿದೆ. ಪ್ರೋಗ್ರಾಂ ಡೇಟಾಬೇಸ್‌ಗೆ ಜೋಡಿಸಿಕೊಳ್ಳುವ ಕಡೆ ಯುಟಿಎಫ್8ಎಂಬಿ4 ಎಂದು ಹೇಳಿದರೆ ಸರಿಹೋಗುತ್ತದೆ. 7 ಎಂದು ಬಂದರೆ ಅಲ್ಲಿ ಇರುವುದೇ ಪ್ರಶ್ನೆಚಿಹ್ನೆ, ಯಾವ ಮಾಂತ್ರಿಕನೂ ವಾಪಸ್ ತರಲಾರ. 40ಕ್ಕಿಂತ ಹೆಚ್ಚು ಬಂದರೆ ಮೂರನೆಯ ಬಗೆ: ಕನ್ನಡವನ್ನು ಯುರೋಪಿನ ಅಕ್ಷರ ಎಂದು ತಪ್ಪು ತಿಳಿದು ಎರಡನೇ ಸಲ ಪರಿವರ್ತಿಸಲಾಗಿದೆ. ಆಗ ಪರದೆಯಲ್ಲಿ ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಮೇಲಕ್ಕೇರಿ ಕೂತ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತದೆ. ನೋಡಲು ಇದೇ ಎಲ್ಲಕ್ಕಿಂತ ಭೀಕರ. ಆದರೆ ಇದನ್ನು ಬಹುಪಾಲು ಹಿಂದಕ್ಕೆ ತಿರುಗಿಸಬಹುದು. ಅಚ್ಚುಕಟ್ಟಾಗಿ ಕಾಣುವ ಪ್ರಶ್ನೆಚಿಹ್ನೆಯೇ ನಿಜವಾದ ಅಪಾಯ.

ಬರೀ ಚೌಕಗಳು ಕಂಡರೆ? ಅದು ಫಾಂಟ್ ಸಮಸ್ಯೆ. ಡೇಟಾಬೇಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಇದರ ಒಂದು ಚಿಕ್ಕ ತಮ್ಮನೂ ಇದ್ದಾನೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದಷ್ಟೇ ಹೆಸರಿದ್ದ ಹಳೆಯ ಆಯ್ಕೆ ಒಂದು ಸಂಕೇತಕ್ಕೆ 3 ಬೈಟ್‌ಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಕನ್ನಡಕ್ಕೆ ಅದು ಸಾಕು, ಎಮೋಜಿಗೆ 4 ಬೇಕು. ಹಾಗಾಗಿ ಕನ್ನಡ ಸಂದೇಶದ ನಡುವೆ ಕೈಮುಗಿಯುವ ಎಮೋಜಿ ಹಾಕಿದರೆ ಅಲ್ಲಿಂದ ಮುಂದಿನ ಮಾತೆಲ್ಲ ಕತ್ತರಿಸಿಹೋಗುತ್ತಿತ್ತು.

ಇನ್ನೊಂದು, ‘ಡೇಟಾಬೇಸ್‌ನಲ್ಲಿ ಇದೆ, ಆದರೆ ಹುಡುಕಿದರೆ ಸಿಗುವುದಿಲ್ಲ’ ಎಂಬ ದೂರು. ‘ಕೊ’ದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಊತ್ವ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ ಸಾಮಾನ್ಯ ಸ್ಥಿತಿಯಲ್ಲಿ ಅವು ಎರಡು ಬೇರೆ ಊರುಗಳು! 2020ರ 13ನೇ ಆವೃತ್ತಿಯಿಂದ ಇವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಸೌಲಭ್ಯ ಅದರಲ್ಲೇ ಇದೆ.

‘ಸರ್ವರ್ ಡೌನ್’ ಅಂದರೆ ಹ್ಯಾಕ್ ಆಗಿದೆಯೇ?

ಇಲ್ಲ, ಹೆಚ್ಚಿನ ಸಲ ಅದು ಸರತಿಯ ಸಮಸ್ಯೆ. ಒಂದೇ ಹೊತ್ತಿಗೆ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬ ಮಿತಿ ಡೇಟಾಬೇಸ್‌ಗೆ ಇರುತ್ತದೆ. ಏನೂ ಬದಲಿಸದಿದ್ದರೆ ಮೈಎಸ್‌ಕ್ಯೂಎಲ್‌ನಲ್ಲಿ 151, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ 100. ಫಲಿತಾಂಶದ ದಿನ, ಅರ್ಜಿಯ ಕೊನೆಯ ದಿನ ಎಲ್ಲರೂ ಒಟ್ಟಿಗೆ ಬಂದರೆ ಮಿಕ್ಕವರಿಗೆ 1040, ‘ಸಂಪರ್ಕಗಳು ಜಾಸ್ತಿಯಾದವು’. ಪ್ರತಿ ಐದು ಸೆಕೆಂಡಿಗೆ ರಿಫ್ರೆಶ್ ಒತ್ತುವುದರಿಂದ ಸರತಿ ಉದ್ದವಾಗುತ್ತದೆ, ಅಷ್ಟೇ. 1045 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 2002, 2003 ಬಂದರೆ ಡೇಟಾಬೇಸ್ ಎದ್ದೇ ಇಲ್ಲ, ಅಥವಾ ದಾರಿಯಲ್ಲಿ ಏನೋ ಅಡ್ಡ ಇದೆ. ಈ ನಾಲ್ಕರಲ್ಲಿ ಯಾವ ಸಂಖ್ಯೆಯೂ ಒಳಗಿನ ಮಾಹಿತಿ ಹೋಗಿದೆ ಎಂದು ಹೇಳುವುದಿಲ್ಲ.

ದೊಡ್ಡವರಿಗೂ ಆಗಿದೆ

2017ರ ಜನವರಿ 31. ಜಗತ್ತಿನ ತಂತ್ರಾಂಶ ಬರೆಯುವವರು ತಮ್ಮ ಕೆಲಸ ಇಡುವ ಗಿಟ್‌ಲ್ಯಾಬ್ ತಾಣ. ತೊಂದರೆ ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ರಾತ್ರಿ ದಣಿವಿನಲ್ಲಿ ತಪ್ಪು ಸರ್ವರ್‌ನ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಫೋಲ್ಡರ್ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡೋಣ ಎಂದರೆ, ದಿನವೂ ಆಗಬೇಕಿದ್ದ ಬ್ಯಾಕಪ್ ಆವೃತ್ತಿ ಹೊಂದಾಣಿಕೆಯಾಗದೆ ಸುಮ್ಮನೆ ಸೋಲುತ್ತಿತ್ತು. ಸೋತಿದೆ ಎಂದು ಹೇಳುವ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಸಿಕ್ಕಿತು. ಆ ಆರು ಗಂಟೆಯ ಕೆಲಸ ಹೋಯಿತು. ಅವರು ಏನನ್ನೂ ಮುಚ್ಚಿಡಲಿಲ್ಲ, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸಿದರು. ನಮಗೆ ಇದು ಬಹಳ ಇಷ್ಟವಾದ ಸಂಗತಿ.

ಬ್ಯಾಕಪ್ ಇದೆ ಅನ್ನುವುದು ಬೇರೆ, ಅದು ತೆರೆದುಕೊಳ್ಳುತ್ತದೆ ಅನ್ನುವುದು ಬೇರೆ. ಡೇಟಾ ಫೋಲ್ಡರನ್ನು ಮೈಎಸ್‌ಕ್ಯೂಎಲ್ ಓಡುತ್ತಿರುವಾಗಲೇ ಕಾಪಿ ಮಾಡಿದರೆ ಅದು ಓಡುವ ಬಸ್ಸಿನ ಫೋಟೋ ಇದ್ದ ಹಾಗೆ, ಮಸುಕು. ‘ಮೈಎಸ್‌ಕ್ಯೂಎಲ್ ಡಂಪ್’ ಅಥವಾ ಪಿಎಚ್‌ಪಿಮೈಅಡ್ಮಿನ್‌ನ ‘ಎಕ್ಸ್‌ಪೋರ್ಟ್’ ಬಳಸಿ ತೆಗೆಯಬೇಕು, ಅದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಬೇಕು. ನೋಡುವಾಗ ಕನ್ನಡದ ಒಂದು ಹೆಸರನ್ನಾದರೂ ಓದಬೇಕು.

ಕೊಣನೂರಿನ ಅಂಗಡಿಗೆ ಬಂದರೆ, ಕೋಷ್ಟಕವನ್ನು ಯುಟಿಎಫ್8ಎಂಬಿ4ಗೆ ಬದಲಿಸಿದ್ದಾಯಿತು. ಅದರಿಂದ ಹೊಸ ಹೆಸರುಗಳು ಉಳಿಯುತ್ತವೆ, ಹೋದವು ಬರುವುದಿಲ್ಲ. ಫೋನ್ ನಂಬರ್ ಅಂಕೆಗಳಲ್ಲಿ ಇದ್ದದ್ದರಿಂದ ಅವು ಉಳಿದಿದ್ದವು. ಮಗ ಎರಡು ದಿನ ಕೂತು ಒಂದೊಂದಕ್ಕೂ ಕರೆಮಾಡಿ ಹೆಸರು ಕೇಳಿ ತುಂಬಿದ. ನಂಬರ್ ಇಲ್ಲದ ಕಡೆ ಬಿಲ್ಲಿನ ಕಾರ್ಬನ್ ಪ್ರತಿ ಹುಡುಕಿದರು. ಚಿಹ್ನೆಗಳನ್ನು ಎಣಿಸಿ ಊಹಿಸಬಹುದೇ ಎಂದೂ ನೋಡಿದೆವು. ರಂಗಪ್ಪನಿಗೂ ಆರು, ಶಿವಣ್ಣನಿಗೂ ಆರು. ಕೊನೆಗೆ ಮೂರು ಸಾಲು ಉಳಿದವು. ಎದುರಿಗೆ ಬಾಕಿ ಇದೆ, ಹೆಸರಿಲ್ಲ. “ಹರಾಜಾದ್ ಮೇಲೆ ಅವ್ರೇ ಬತ್ತಾರೆ ಬಿಡಿ” ಅಂದರು ಅಂಗಡಿಯವರು. ಎರಡು ಸಾಲಿನವರು ಬಂದರು.